ಸುಳಿ ಉಳಿದರೆ ಮರ: ಮರಜರೀಗಿಡದ ಚಳಿಗಾಲ ಮತ್ತು ಮನುಷ್ಯನ ಹೊಣೆ

(ಉಪನ್ಯಾಸದ ಪಠ್ಯ)



ಮಳೆ ಜೋರಾಗುವ ಮುನ್ನ ಅಡಕೆಯ ಕೊನೆಗಳಿಗೆ ಕೊಟ್ಟೆ ಕಟ್ಟುವ ಕೆಲಸ ಮಲೆನಾಡಿಗೆ ಹೊಸದಲ್ಲ. ಮಳೆನೀರು ಎಳೆಗಾಯಿಯ ಮೇಲೆ ನಿಲ್ಲದಿದ್ದರೆ ಕೊಳೆರೋಗದ ಹಾವಳಿ ತಗ್ಗುತ್ತದೆ ಎಂಬ ಅನುಭವದಿಂದ ಬಂದ ಕ್ರಮವದು. ಇದನ್ನು ಹೋಲುವ ಕೆಲಸವೊಂದು ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್ ಮತ್ತು ಅದರ ಆಸುಪಾಸಿನ ಉದ್ಯಾನಗಳಲ್ಲಿ ನಡೆಯುತ್ತದೆ. ತೋಟಗಾರನು ಏಣಿಯಿಟ್ಟು ಹತ್ತಿ, ಕಂಬದಂತಹ ಒಂದು ಗಿಡದ ನೆತ್ತಿಯ ಕುಳಿಗೆ ಒಣಹುಲ್ಲನ್ನು ತುಂಬುತ್ತಾನೆ. ಸುತ್ತಲಿನ ಎಲೆಗಳನ್ನು ಅದರ ಮೇಲೆ ಮಡಚಿ ಕಟ್ಟುತ್ತಾನೆ. ಕೊಟ್ಟೆ ಕಟ್ಟುವುದು ಮಳೆಗೆ ಹೆದರಿ. ಈ ಹುಲ್ಲು ತುಂಬುವುದು ಹಿಮಕ್ಕೆ ಹೆದರಿ. ಆ ಗಿಡವೇ ಮರಜರೀಗಿಡ.

ಹದವಾದ ಚಳಿಯ ನಾಡಿನಲ್ಲಿ, ಗಾಜಿನ ಮನೆಯ ಆಸರೆಯಿಲ್ಲದೆ, ಬಯಲಿನಲ್ಲೇ ಇಂತಹ ಸುಕುಮಾರ ಸಸ್ಯವನ್ನು ಬದುಕಿಸುವ ಬಗೆ ಹೇಗೆ? ಆ ಗಿಡ ಅಲ್ಲಿಗೆ ಬಂದದ್ದು ಹೇಗೆ? ಅದರ ಬೆಲೆಯನ್ನು ತೆತ್ತವರು ಯಾರು? ಈ ಮೂರು ಪ್ರಶ್ನೆಗಳೇ ಈ ಮಾತಿನ ವಸ್ತು. ಮೂರನೆಯ ಪ್ರಶ್ನೆಯು ಮಲೆನಾಡಿನ ಹಳ್ಳದ ದಂಡೆಗೂ ಬಂದು ಮುಟ್ಟುತ್ತದೆ.

ಒಂದೇ ಸುಳಿಯ ಮರ

ಜರೀಗಿಡಗಳು ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ, ಬೀಜವನ್ನೂ ಕೊಡುವುದಿಲ್ಲ. ಎಲೆಯ ಅಡಿಭಾಗದಲ್ಲಿ ಕಂದುಬಣ್ಣದ ಚುಕ್ಕೆಗಳಾಗಿ ಕಾಣುವ ಕೋಶಗಳಿಂದ ಧೂಳಿನಷ್ಟು ಸಣ್ಣ ಬೀಜಕಗಳನ್ನು ಉದುರಿಸಿ ಅವು ಸಂತಾನ ಬೆಳೆಸುತ್ತವೆ. ಇವುಗಳಲ್ಲಿ ಕೆಲವು ಮಾತ್ರ ಮರದಂತೆ ಎತ್ತರಕ್ಕೆ ಏರುತ್ತವೆ. ಆದರೆ ಅವುಗಳ ಕಾಂಡ ಹಲಸು, ಮತ್ತಿ, ಹೊನ್ನೆಗಳ ಕಾಂಡದಂತಹುದಲ್ಲ. ಅದರಲ್ಲಿ ವರ್ಷದಿಂದ ವರ್ಷಕ್ಕೆ ದಪ್ಪವಾಗುವ ಕಟ್ಟಿಗೆಯಿಲ್ಲ, ತೊಗಟೆಯಿಲ್ಲ. ನಡುವೆ ಒಂದು ತೆಳುವಾದ ಕಾಂಡ. ಅದರ ಸುತ್ತ ಹಳೆಯ ಎಲೆದಂಟುಗಳ ಬುಡಗಳು. ಅವುಗಳ ಮೇಲೆ ಕಪ್ಪು ನಾರಿನಂತೆ ಹೆಣೆದುಕೊಂಡು ಇಳಿಯುವ ಅಸಂಖ್ಯ ಬೇರುಗಳು. ಹೊರಗಿನಿಂದ ದಪ್ಪ ಕಂಬವೆಂದು ಕಾಣುವುದರಲ್ಲಿ ಬಹುಪಾಲು ಬೇರಿನ ಹೊದಿಕೆಯೇ.

ಅಡಕೆ ಬೆಳೆಗಾರರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಅಡಕೆ ಮರಕ್ಕೆ ಇರುವುದು ಒಂದೇ ಸುಳಿ. ಸುಳಿ ಕೊಳೆತರೆ ಮರ ಹೋದಂತೆಯೇ. ಮರಜರಿಯ ಕಾಂಡಕ್ಕೂ ನೆತ್ತಿಯಲ್ಲಿರುವ ಒಂದು ಸುಳಿಯೇ ಜೀವ. ಅಲ್ಲಿಂದಲೇ ಪಿಟೀಲಿನ ತಲೆಯಂತೆ ಸುರುಳಿ ಸುತ್ತಿದ ಎಳೆಯೆಲೆಗಳು ಬಿಚ್ಚಿಕೊಳ್ಳುತ್ತವೆ. ಎಲೆಗಳೆಲ್ಲ ಸುಟ್ಟುಹೋದರೂ ಸುಳಿ ಉಳಿದರೆ ವಸಂತದಲ್ಲಿ ಗಿಡ ಮತ್ತೆ ಚಿಗುರುತ್ತದೆ. ಸುಳಿಯೊಳಗಿನ ನೀರು ಹೆಪ್ಪುಗಟ್ಟಿ ಎಳೆಯ ಜೀವಕೋಶಗಳು ಒಡೆದುಹೋದರೆ, ಕೆಳಗೆ ಎರಡಾಳೆತ್ತರದ ಕಾಂಡವಿದ್ದರೂ ಪ್ರಯೋಜನವಿಲ್ಲ. ಚಳಿಗಾಲದ ಆರೈಕೆಯೆಲ್ಲವೂ ಈ ಒಂದು ಸತ್ಯದ ಸುತ್ತ ಸುತ್ತುತ್ತದೆ.

ಬ್ರಿಟನ್ನಿನ ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವ ಮರಜರಿಯ ಹೆಸರು ಡಿಕ್ಸೋನಿಯಾ ಅಂಟಾರ್ಕ್ಟಿಕಾ. ಹೆಸರಿನಲ್ಲಿ ಅಂಟಾರ್ಕ್ಟಿಕಾ ಇದ್ದರೂ ಅದರ ತವರು ಆಸ್ಟ್ರೇಲಿಯದ ಆಗ್ನೇಯ ಭಾಗ ಮತ್ತು ಟಾಸ್ಮೇನಿಯಾ ದ್ವೀಪ. ಅಲ್ಲಿನ ಎತ್ತರದ ನೀಲಗಿರಿ ಮರಗಳ ಕೆಳಗೆ, ತಂಪಾದ ತೊರೆಗಳ ಕೊರಕಲುಗಳಲ್ಲಿ ಅದು ಬೆಳೆಯುತ್ತದೆ. ವರ್ಷಕ್ಕೆ ಸುಮಾರು 3ರಿಂದ 5 ಸೆಂಟಿಮೀಟರ್ ಮಾತ್ರ ಎತ್ತರವಾಗುವ ನಿಧಾನದ ಗಿಡವಿದು. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಕಾರ್ನ್‌ವಾಲ್‌ನ ಸೌಮ್ಯ ಚಳಿ

ಕಾರ್ನ್‌ವಾಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಪಟದಲ್ಲಿ ಅದೇ ಗೆರೆಯನ್ನು ಪಶ್ಚಿಮಕ್ಕೆ ಎಳೆದರೆ ಕೆನಡಾದ ವಿನ್ನಿಪೆಗ್ ನಗರ ಸಿಗುತ್ತದೆ. ಅಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಕಲ್ಲಾಗಿ ನಿಲ್ಲುವ ನೆಲ. ಕಾರ್ನ್‌ವಾಲ್‌ನಲ್ಲಾದರೋ ಜನವರಿಯಲ್ಲೂ ಹುಲ್ಲು ಹಸಿರು. ಸೂರ್ಯನ ಓರೆ ಎರಡಕ್ಕೂ ಒಂದೇ. ವ್ಯತ್ಯಾಸ ತಂದಿರುವುದು ಸಮುದ್ರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಉತ್ತರ ಅಟ್ಲಾಂಟಿಕ್ ಪ್ರವಾಹವು ಹೊತ್ತು ತರುವ ಬಿಸುಪನ್ನು ಪಡುವಣ ಗಾಳಿ ದಡಕ್ಕೆ ತಲುಪಿಸುತ್ತದೆ. ಇದೇ ಕಾರಣದಿಂದ ಐರ್ಲೆಂಡಿನ ಕೆರಿ ಪ್ರಾಂತ್ಯದಲ್ಲೂ, ಸ್ಕಾಟ್‌ಲೆಂಡಿನ ನೈಋತ್ಯ ತುದಿಯ ಲೋಗನ್ ಸಸ್ಯೋದ್ಯಾನದಲ್ಲೂ ಮರಜರಿಗಳು ಬಯಲಿನಲ್ಲೇ ನಿಂತಿವೆ.

ಸಮುದ್ರ ಕೊಟ್ಟ ಈ ಅನುಕೂಲಕ್ಕೆ ತೋಟಗಾರರು ಎರಡನ್ನು ಸೇರಿಸಿದರು. ಒಂದು, ಜಾಗದ ಆಯ್ಕೆ. ತಂಪುಗಾಳಿ ಭಾರವಾದುದು, ರಾತ್ರಿ ಅದು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಬಾಯಿ ಮುಚ್ಚಿದ ತಗ್ಗು ಅಪಾಯಕಾರಿ. ಕಾರ್ನ್‌ವಾಲ್‌ನ ಟ್ರೆಬಾದಂತಹ ಉದ್ಯಾನಗಳು ಕಡಿದಾಗಿ ಇಳಿದು ನೀರಿನ ಕಡೆಗೆ ಬಾಯ್ತೆರೆದ ಕಣಿವೆಗಳಲ್ಲಿವೆ. ತಂಪುಗಾಳಿ ಅಲ್ಲಿ ನಿಲ್ಲದೆ ಕೆಳಗೆ ಸರಿದು ಹೋಗುತ್ತದೆ. ಎರಡು, ಮರಗಳ ಆಸರೆ. ಉಪ್ಪುಗಾಳಿಯನ್ನು ತಡೆಯಲು ಅಂಚಿನಲ್ಲಿ ಎತ್ತರದ ಮರಗಳ ಸಾಲು, ಮೇಲೆ ಕೊಂಬೆಗಳ ಚಪ್ಪರ. ನಿರಭ್ರ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವಾಗ ಈ ಚಪ್ಪರ ಅದನ್ನು ತಡೆಹಿಡಿಯುತ್ತದೆ.

ಈ ಎರಡನೆಯ ಸಂಗತಿ ಪಶ್ಚಿಮ ಘಟ್ಟದ ಎತ್ತರದ ನೆಲೆಗಳನ್ನು ಬಲ್ಲವರಿಗೆ ಅಪರಿಚಿತವಲ್ಲ. ನೀಲಗಿರಿಯ ಹುಲ್ಲುಗಾವಲಿನಲ್ಲಿ ಡಿಸೆಂಬರ್, ಜನವರಿಯ ಮುಂಜಾವಿನಲ್ಲಿ ಹಿಮ ಬಿಳಿಯಾಗಿ ಹಾಸಿರುತ್ತದೆ. ಅಲ್ಲಿಂದ ಹತ್ತು ಮಾರು ದೂರದ ಶೋಲಾ ಕಾಡಿನೊಳಗೆ ಹಿಮದ ಸುಳಿವಿರುವುದಿಲ್ಲ. ಮರಜರಿ ಅಲ್ಲಿ ತೊರೆಯ ಪಕ್ಕದಲ್ಲಿ ನೆಮ್ಮದಿಯಾಗಿ ನಿಂತಿರುತ್ತದೆ. ತೋಟಗಾರನು ಬುದ್ಧಿಯಿಂದ ಕಟ್ಟುವ ಆಸರೆಯನ್ನು ಕಾಡು ತಾನಾಗಿಯೇ ಒದಗಿಸುತ್ತದೆ.

ಬಾಟಲಿಯೊಳಗಿನ ಜರೀಗಿಡ

ದಕ್ಷಿಣ ಗೋಳಾರ್ಧದ ಸಸ್ಯ ಸಾವಿರಾರು ಮೈಲಿ ದಾಟಿ ಬ್ರಿಟನ್ನಿಗೆ ಬರುವುದಕ್ಕೆ ದಾರಿ ತೆರೆದವರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ಬ್ಯಾಗ್‌ಷಾ ವಾರ್ಡ್ ಪ್ರಮುಖರು. ಕಲ್ಲಿದ್ದಲ ಹೊಗೆಯಲ್ಲಿ ಅವರ ಅಂಗಳದ ಜರೀಗಿಡಗಳು ಸಾಯುತ್ತಿದ್ದವು. 1829ರ ಸುಮಾರಿಗೆ ಪತಂಗದ ಕೋಶವೊಂದನ್ನು ಗಮನಿಸಲೆಂದು ಅವರು ಹಸಿಮಣ್ಣು ಹಾಕಿ ಮುಚ್ಚಿಟ್ಟಿದ್ದ ಗಾಜಿನ ಬಾಟಲಿಯಲ್ಲಿ ಜರೀಗಿಡವೊಂದು ತಾನಾಗಿ ಮೊಳೆಯಿತು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ರಾತ್ರಿ ಮತ್ತೆ ಮಣ್ಣಿಗಿಳಿಯುತ್ತಿತ್ತು; ಹೊಗೆ ಒಳಗೆ ಬರುತ್ತಿರಲಿಲ್ಲ. ಈ ಆಕಸ್ಮಿಕದಿಂದ ಹುಟ್ಟಿದ ಗಾಜಿನ ಪೆಟ್ಟಿಗೆಗೆ ಅವರ ಹೆಸರೇ ನಿಂತಿತು. 1833ರಲ್ಲಿ ಅಂತಹ ಎರಡು ಪೆಟ್ಟಿಗೆಗಳು ಹಡಗಿನಲ್ಲಿ ಸಿಡ್ನಿಗೆ ಹೋದವು. ಮರುಪಯಣದಲ್ಲಿ ಅಲ್ಲಿನ ಜರೀಗಿಡವನ್ನೂ ತುಂಬಿಕೊಂಡು, ಹಿಮವನ್ನೂ ಸುಡುಬಿಸಿಲನ್ನೂ ಹಾದು, 1834ರಲ್ಲಿ ಲಂಡನ್ನಿಗೆ ಮರಳಿದಾಗ ಒಳಗಿನ ಗಿಡಗಳು ಜೀವಂತವಾಗಿದ್ದವು.

ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ಜರೀಗಿಡದ ಹುಚ್ಚೇ ಹಬ್ಬಿತು. 1855ರಲ್ಲಿ ಲೇಖಕ ಚಾರ್ಲ್ಸ್ ಕಿಂಗ್ಸ್‌ಲಿ ಈ ಹುಚ್ಚಿಗೆ 'ಟೆರಿಡೋಮೇನಿಯಾ' ಎಂದು ಹೆಸರಿಟ್ಟರು. ಸಿರಿವಂತರು ತಮ್ಮ ಕಣಿವೆಗಳಲ್ಲಿ ಮರಜರಿಗಳನ್ನು ನೆಟ್ಟು ದೂರದೇಶದ ಕಾಡಿನ ನೋಟವನ್ನು ಸೃಷ್ಟಿಸಿದರು. ಅಂತಹುದರಲ್ಲಿ ಒಂದು ಕಾರ್ನ್‌ವಾಲ್‌ನ ಹೆಲಿಗನ್. ಮೊದಲ ಮಹಾಯುದ್ಧಕ್ಕೆ ಹೊರಟ ಅಲ್ಲಿನ ತೋಟಗಾರರಲ್ಲಿ ಹಲವರು ಮರಳಲಿಲ್ಲ. 1914ರ ಆಗಸ್ಟ್ ಎಂಬ ದಿನಾಂಕದೊಡನೆ ಅವರು ಗೋಡೆಯ ಮೇಲೆ ಬರೆದಿಟ್ಟ ಹೆಸರುಗಳು ಮಾತ್ರ ಉಳಿದವು. ಉದ್ಯಾನ ಮುಳ್ಳುಪೊದೆಗಳಲ್ಲಿ ಮುಚ್ಚಿಹೋಯಿತು. 1990ರಲ್ಲಿ ಅದನ್ನು ಮತ್ತೆ ಬಿಡಿಸಿ ತೆಗೆಯುವ ಕೆಲಸ ಆರಂಭವಾದಾಗ ಕಣಿವೆಯ ತಂಪಿನಲ್ಲಿ ಹಳೆಯ ಮರಜರಿಗಳೂ ಉಳಿದುಕೊಂಡಿದ್ದವು. ಸರಿಯಾದ ಜಾಗದಲ್ಲಿ ನೆಟ್ಟ ಗಿಡಕ್ಕೆ ಜಾಗವೇ ಕಾವಲುಗಾರ ಎಂಬುದಕ್ಕೆ ಇದೊಂದು ನಿದರ್ಶನ.

ಅದೇ ಗಾಜಿನ ಪೆಟ್ಟಿಗೆ ಉದ್ಯಾನಗಳಿಗಷ್ಟೇ ನಿಲ್ಲಲಿಲ್ಲ ಎಂಬುದನ್ನು ಬೆಟ್ಟದ ಜನ ಮರೆಯಬಾರದು. 1848ರಿಂದ 1851ರವರೆಗೆ ರಾಬರ್ಟ್ ಫಾರ್ಚೂನ್ ಚೀನಾದ ಚಹಾ ಸಸಿಗಳನ್ನು ಹಿಮಾಲಯದ ತಪ್ಪಲಿಗೆ ತಂದದ್ದು ಆ ಪೆಟ್ಟಿಗೆಗಳಲ್ಲಿಯೇ. 1860ರ ದಶಕದ ಆರಂಭದಲ್ಲಿ ದಕ್ಷಿಣ ಅಮೆರಿಕದ ಸಿಂಕೋನಾ ನೀಲಗಿರಿಗೆ ಬಂದದ್ದೂ ಹಾಗೆಯೇ. ಒಂದು ಜರೀಗಿಡದ ಮೇಲಿನ ಪ್ರೀತಿಯಿಂದ ಹುಟ್ಟಿದ ಪೆಟ್ಟಿಗೆಯು ಭಾರತದ ಬೆಟ್ಟಗಳ ಮೇಲ್ಮೈಯನ್ನೇ ಬದಲಿಸಿತು.

ಚಳಿಗಾಲದ ಆರೈಕೆ

ಇನ್ನು ಆರೈಕೆಯ ವಿವರ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯು ಡಿಕ್ಸೋನಿಯಾ ಅಂಟಾರ್ಕ್ಟಿಕಾವನ್ನು ಸೊನ್ನೆಗಿಂತ 5 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಡೆಯಬಲ್ಲ ಸಸ್ಯಗಳ ವರ್ಗದಲ್ಲಿರಿಸಿದೆ. ಎತ್ತರದ ಕಾಂಡವಿರುವ ಬಲಿತ ಗಿಡ ಅದಕ್ಕಿಂತ ಹೆಚ್ಚಿನ ಚಳಿಯನ್ನೂ ಸ್ವಲ್ಪ ಹೊತ್ತು ಸಹಿಸಬಹುದು. ಕಾಂಡ ಇನ್ನೂ ಬೆಳೆಯದ ಎಳೆಯ ಗಿಡ ಸಹಿಸದು. ಆದ್ದರಿಂದ ಎಳೆಯ ಗಿಡಗಳನ್ನು ಕುಂಡದಲ್ಲಿಯೇ ಬೆಳೆಸಿ ಚಳಿಗಾಲದಲ್ಲಿ ಒಳಗಿಡುವುದು ವಾಡಿಕೆ. ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಸಯಾಥಿಯಾ ಗುಂಪಿನ ಹಲವು ಮರಜರಿಗಳು ಇನ್ನೂ ಸುಕುಮಾರ.

ಹಿಮ ಬೀಳುವ ಮುನ್ನ ಮೊದಲ ಕೆಲಸ ನೆತ್ತಿಯ ಕುಳಿಗೆ ಒಣಹುಲ್ಲನ್ನು ಸಡಿಲವಾಗಿ ತುಂಬುವುದು. ಚಳಿಯನ್ನು ತಡೆಯುವುದು ಹುಲ್ಲಲ್ಲ, ಹುಲ್ಲಿನ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಒತ್ತಿ ತುಂಬಿದರೆ ಆ ಗಾಳಿಯೇ ಇರದು. ನಂತರ ಎಲೆಗಳನ್ನು ಮೇಲಕ್ಕೆ ಮಡಚಿ ಕಟ್ಟಬೇಕು. ಹೆಚ್ಚಿನ ಚಳಿಯ ಜಾಗವಾದರೆ ಕಾಂಡಕ್ಕೂ ಗೋಣಿತಾಟು ಅಥವಾ ಗಾಳಿಯಾಡುವ ತೆಳುಬಟ್ಟೆಯನ್ನು ಸುತ್ತಬೇಕು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವುದು ತಪ್ಪು. ಒಳಗೆ ಬೆವರು ನಿಂತು ಸುಳಿ ಕೊಳೆಯುತ್ತದೆ. ಹಿಮದಿಂದ ಉಳಿಸಲು ಹೋಗಿ ಕೊಳೆತಕ್ಕೆ ಒಪ್ಪಿಸಿದಂತಾಗುತ್ತದೆ.

ಒಣಗಿ ಇಳಿಬಿದ್ದ ಕಂದು ಎಲೆಗಳನ್ನು ಅಂದಕ್ಕಾಗಿ ಕತ್ತರಿಸುವವರುಂಟು. ಚಳಿಗಾಲ ಮುಗಿಯುವವರೆಗೆ ಅವನ್ನು ಬಿಡುವುದೇ ಲೇಸು. ಅವು ಕಾಂಡಕ್ಕೆ ಲಂಗದಂತೆ ಹೊದಿಕೆಯಾಗುತ್ತವೆ. ಹಿಮದ ಭಯ ಕಳೆದ ಮೇಲೆ ಹುಲ್ಲನ್ನು ಮರೆಯದೆ ತೆಗೆಯಬೇಕು. ಇಲ್ಲದಿದ್ದರೆ ಹೊಸ ಎಲೆಗಳು ಸೊಟ್ಟಗೆ ಹೊರಬರುತ್ತವೆ. ಬೇಸಗೆಯಲ್ಲಿ ನೀರನ್ನು ಬುಡಕ್ಕಷ್ಟೇ ಅಲ್ಲ, ಕಾಂಡದ ಮೇಲೂ ಹನಿಸಬೇಕು. ಏಕೆಂದರೆ ಕಾಂಡದ ಹೊರಮೈಯೆಲ್ಲ ಬೇರು. ಚಳಿಗೆ ಸಾಯದ ಗಿಡ ಒಣಗಾಳಿಗೆ ಸಾಯುವುದುಂಟು.

ಇಷ್ಟೆಲ್ಲ ಮಾಡಿದರೂ ಸೋಲು ಬರುತ್ತದೆ. 1962-63ರ ಚಳಿಗಾಲ ಇಂಗ್ಲೆಂಡಿನಲ್ಲಿ ಎರಡು ಶತಮಾನಗಳಲ್ಲೇ ಅತಿ ಕಠಿಣವಾದುದು. 2010ರ ಡಿಸೆಂಬರ್ ಬ್ರಿಟನ್ನಿನಲ್ಲಿ ನೂರು ವರ್ಷಗಳ ದಾಖಲೆಯಲ್ಲೇ ಅತ್ಯಂತ ತಣ್ಣನೆಯ ಡಿಸೆಂಬರ್ ಆಗಿತ್ತು. ಅನೇಕ ಉದ್ಯಾನಗಳಲ್ಲಿ ಮರಜರಿಗಳು ಸತ್ತವು. 2022ರ ಡಿಸೆಂಬರಿನ ಶೀತವೂ ಸುಕುಮಾರ ಸಸ್ಯಗಳನ್ನು ಕಾಡಿತು. ಭೂಮಿಯ ಬಿಸಿಯೇರಿಕೆಯಿಂದ ಅಲ್ಲಿನ ಚಳಿಗಾಲಗಳು ಸರಾಸರಿಯಲ್ಲಿ ಸೌಮ್ಯವಾಗುತ್ತಿವೆ ನಿಜ. ಆದರೆ ಗಿಡ ಸಾಯುವುದು ಸರಾಸರಿಯಿಂದಲ್ಲ, ಒಂದು ಕೆಟ್ಟ ರಾತ್ರಿಯಿಂದ.

ಬೆಲೆ ತೆತ್ತವರು ಯಾರು?

ಈಗ ಮೊದಲು ಹೇಳಿದ ಅಂಕಿಗೆ ಬರಬೇಕು. ವರ್ಷಕ್ಕೆ 3ರಿಂದ 5 ಸೆಂಟಿಮೀಟರ್ ಬೆಳೆಯುವ ಗಿಡದಲ್ಲಿ ಒಂದೂವರೆ ಮೀಟರ್ ಕಾಂಡವೆಂದರೆ 30ರಿಂದ 50 ವರ್ಷಗಳ ಬೆಳವಣಿಗೆ. ಉದ್ಯಾನಪ್ರಿಯರು ಅಷ್ಟು ಕಾಯಲಾರರು. ಡಿಕ್ಸೋನಿಯಾದ ಕಾಂಡವನ್ನು ಬುಡದಲ್ಲಿ ಗರಗಸದಿಂದ ಕೊಯ್ದು, ಎಲೆ ಸವರಿ, ದಿಮ್ಮಿಯಂತೆ ಹಡಗಿಗೇರಿಸಿ ಬೇರೆಡೆ ನೆಟ್ಟರೂ ಅದು ಬೇರು ಬಿಟ್ಟು ಚಿಗುರುತ್ತದೆ. ಈ ಗುಣವೇ ಅದರ ಪಾಲಿಗೆ ಶಾಪವಾಯಿತು. ಮೇಲಿನ ತುಂಡು ಬದುಕುತ್ತದೆ. ಕಾಡಿನಲ್ಲಿ ಉಳಿದ ಬುಡಕ್ಕೆ ಸುಳಿಯಿಲ್ಲವಾದ್ದರಿಂದ ಅದು ಸಾಯುತ್ತದೆ. ಆ ನಾರುಕಾಂಡದ ಮೇಲೆ ಮನೆ ಮಾಡಿಕೊಂಡಿದ್ದ ಪಾಚಿಗಳು, ತೆಳುಪೊರೆಯ ಸಣ್ಣ ಜರಿಗಳು ನೆಲೆ ಕಳೆದುಕೊಳ್ಳುತ್ತವೆ.

ಟಾಸ್ಮೇನಿಯಾ ಸರ್ಕಾರ ಇದಕ್ಕೆ ಕಡಿವಾಣ ಹಾಕಿದೆ. ಕಾಡಿನಿಂದ ತೆಗೆದ ಪ್ರತಿಯೊಂದು ಮರಜರಿಗೂ ಅಧಿಕೃತ ಗುರುತುಚೀಟಿ ಇರಬೇಕೆಂಬುದು ಅಲ್ಲಿನ ನಿಯಮ. ಸಯಾಥಿಯಾ ಗುಂಪಿನ ಮರಜರಿಗಳು, 1973ರಲ್ಲಿ ಒಪ್ಪಿತವಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಪರವಾನಗಿಯಿಲ್ಲದೆ ಅವು ದೇಶದ ಗಡಿ ದಾಟುವಂತಿಲ್ಲ. ಕಾಡಿನಿಂದ ಕಿತ್ತ ಸಯಾಥಿಯೇಸಿ ಕುಟುಂಬದ ಮರಜರಿಗಳನ್ನು ಭಾರತವು ರಫ್ತು ನಿಷೇಧದ ಪಟ್ಟಿಗೆ ಸೇರಿಸಿದೆ.

ಪ್ರತಿಯಾಗಿ ಹೊಸ ನೆಲಕ್ಕೆ ಆಗುವ ತೊಂದರೆಯೂ ಉಂಟು. ಕೆರಿ ಪ್ರಾಂತ್ಯದ ಕೆಲ್ಸ್ ಬೇ ಉದ್ಯಾನದಲ್ಲಿ ಡಿಕ್ಸೋನಿಯಾ ತಾನಾಗಿ ಬೀಜಕ ಉದುರಿಸಿ ಕಾಡಿನಂತೆ ಹಬ್ಬಿರುವುದನ್ನು ಜನ ಮೆಚ್ಚಿ ನೋಡುತ್ತಾರೆ. ಆದರೆ ಆಸ್ಟ್ರೇಲಿಯದಿಂದ ಹವಾಯಿಗೆ ಅಲಂಕಾರಕ್ಕೆಂದು ಹೋದ ಇನ್ನೊಂದು ಮರಜರಿ ಅಲ್ಲಿನ ಮಳೆಕಾಡಿಗೆ ನುಗ್ಗಿ ಸ್ಥಳೀಯ ಸಸ್ಯಗಳನ್ನು ಹಿಂದಕ್ಕೆ ತಳ್ಳಿದೆ. ಲಂಟಾನ, ಯುಪಟೋರಿಯಂಗಳ ಕಾಟವನ್ನು ಕಂಡ ಮಲೆನಾಡಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳ್ಳದ ದಂಡೆಯ ಮರಜರಿ

ಮರಜರಿಯನ್ನು ನೋಡಲು ಮಲೆನಾಡಿನವರು ಕಾರ್ನ್‌ವಾಲ್‌ಗೆ ಹೋಗಬೇಕಾಗಿಲ್ಲ. ಆಲ್ಸೊಫಿಲಾ ಜೈಗಾಂಟಿಯಾ ಮತ್ತು ಆಲ್ಸೊಫಿಲಾ ಸ್ಪಿನುಲೋಸಾ ಪಶ್ಚಿಮ ಘಟ್ಟದ ಹಳ್ಳಗಳ ನೆರಳಿನಲ್ಲಿ ಬೆಳೆಯುತ್ತವೆ. ಮೊದಲನೆಯದರ ಎಲೆದಂಟು ಕಪ್ಪುಛಾಯೆಯದು. ಎರಡನೆಯದರ ದಂಟಿನಲ್ಲಿ ಮುಳ್ಳುಗಳಿವೆ. ನೀಲಗಿರಿಯ ಹೆಸರನ್ನು ಹೊತ್ತ ಇನ್ನೊಂದು ಜಾತಿಯೂ ಈ ಘಟ್ಟದ್ದೇ. ದಕ್ಷಿಣ ಭಾರತದ ಜರೀಗಿಡಗಳನ್ನು ಕುರಿತು ಅರಣ್ಯಾಧಿಕಾರಿ ಬೆಡ್ಡೋಮ್ 1863-64ರಲ್ಲಿಯೇ ಚಿತ್ರಸಹಿತ ಗ್ರಂಥವನ್ನು ಹೊರತಂದಿದ್ದರು. ಆಸ್ಟ್ರೇಲಿಯದ ಡಿಕ್ಸೋನಿಯಾದ ಸುಳಿಯಲ್ಲಿ ಕೂದಲಿನಂತಹ ರೋಮಗಳಿದ್ದರೆ, ಇಲ್ಲಿನವುಗಳ ಸುಳಿಯಲ್ಲಿ ಚಪ್ಪಟೆಯಾದ ಹುರುಪೆಗಳಿರುತ್ತವೆ. ವಿದ್ಯಾರ್ಥಿಗಳು ಕೈಮಸೂರದಲ್ಲಿ ನೋಡಿ ಇದನ್ನು ತಿಳಿಯಬಹುದು.

ಇಲ್ಲಿನ ಮರಜರಿಗೆ ಹುಲ್ಲು ತುಂಬುವವರು ಬೇಕಿಲ್ಲ; ಹಿಮದ ಭಯವಿಲ್ಲ. ಅದರ ಶತ್ರು ಒಣಗುವಿಕೆ. ಹಳ್ಳದ ದಂಡೆಯ ಮರಗಳನ್ನು ಸವರಿದರೆ ಬಿಸಿಲು ನೇರವಾಗಿ ಕಾಂಡದ ಬೇರುಗಳ ಮೇಲೆ ಬೀಳುತ್ತದೆ. ಮೇಲ್ಗಡೆ ಪೈಪು ಹಾಕಿ ನೀರೆಲ್ಲವನ್ನು ತಿರುಗಿಸಿದರೆ ಮಾರ್ಚ್, ಏಪ್ರಿಲ್‌ನಲ್ಲಿ ಹಳ್ಳದ ತೇವ ಆರುತ್ತದೆ. ಆರ್ಕಿಡ್ ಬೆಳೆಸಲು ಮರಜರಿಯ ನಾರುಕಾಂಡವನ್ನು ಕಡಿಯುವ ಹವ್ಯಾಸ ಇನ್ನೊಂದು ಕುತ್ತು. ತೆಂಗಿನ ಸಿಪ್ಪೆ, ಇದ್ದಿಲು, ಹಂಚಿನ ಚೂರುಗಳಲ್ಲಿ ಆರ್ಕಿಡ್ ಚೆನ್ನಾಗಿಯೇ ಬೆಳೆಯುವಾಗ ದಶಕಗಳ ಜೀವವೊಂದನ್ನು ಕಡಿಯುವುದಕ್ಕೆ ಸಮರ್ಥನೆಯಿಲ್ಲ.

ಪ್ರೀತಿಯಿಂದ ಬೆಳೆಸಬೇಕೆನ್ನುವವರಿಗೆ ಬೀಜಕದ ದಾರಿ ತೆರೆದಿದೆ. ಕಂದು ಚುಕ್ಕೆಗಳಿರುವ ಎಲೆಯ ಒಂದು ಸಣ್ಣ ತುಂಡನ್ನು ಕಾಗದದಲ್ಲಿ ಮಡಚಿಟ್ಟರೆ ಒಂದೆರಡು ದಿನಗಳಲ್ಲಿ ಕಂದುಪುಡಿ ಉದುರುತ್ತದೆ. ಕುದಿಯುವ ನೀರು ಹೊಯ್ದು ಆರಿಸಿದ ಕಾಡುಮಣ್ಣನ್ನು ಅಗಲಬಾಯಿಯ ಗಾಜಿನ ಬಾಟಲಿಗೆ ಹಾಕಿ, ಪುಡಿಯನ್ನು ತೆಳ್ಳಗೆ ಉದುರಿಸಿ, ಮುಚ್ಚಿ, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಬೇಕು. ಕೆಲವು ವಾರಗಳಲ್ಲಿ ಮಣ್ಣಿನ ಮೇಲೆ ಹಸಿರು ಪೊರೆ ಮೂಡುತ್ತದೆ. ಅದು ಹೃದಯಾಕಾರದ ಪುಟ್ಟ ಹಾಳೆಗಳಾಗುತ್ತದೆ. ಅವುಗಳ ಮೇಲೆ ನೀರಿನ ತೆಳುಪದರ ಇದ್ದಾಗ ಮಾತ್ರ ಗರ್ಭಧಾರಣೆ ಸಾಧ್ಯ. ಆದ್ದರಿಂದ ಆಗಾಗ ಕುದಿಸಿ ಆರಿಸಿದ ನೀರನ್ನು ತುಂತುರಾಗಿ ಸಿಂಪಡಿಸಬೇಕು. ತಿಂಗಳುಗಳ ನಂತರ ಮೊದಲ ಸುರುಳಿ ಎಲೆ ಏಳುತ್ತದೆ. ವಾರ್ಡ್ ಅವರ ಬಾಟಲಿಯಲ್ಲಿ ನಡೆದದ್ದೂ ಇದೇ. ಶಾಲೆಯ ಕಿಟಕಿಯಲ್ಲಿ ಇದನ್ನು ಮಾಡಬಹುದು. ಕಾಡಿನ ಒಂದು ಗಿಡವೂ ನಷ್ಟವಾಗದು.

ಹಿರಿಯರು ಮಾಡಬಹುದಾದ ಕೆಲಸ ಇನ್ನೂ ಸರಳ. ತಮ್ಮೂರಿನ ಹಳ್ಳದಲ್ಲಿ ಮರಜರಿಗಳು ಎಷ್ಟಿವೆ, ಎಲ್ಲೆಲ್ಲಿವೆ ಎಂದು ಮಕ್ಕಳಿಗೆ ತೋರಿಸಿ ಎಣಿಸಿಡುವುದು. ಅವುಗಳ ನೆತ್ತಿಯ ಮೇಲಿನ ನೆರಳನ್ನು ಕಡಿಯದಿರುವುದು. ಬೇಸಗೆಯಲ್ಲಿ ಹಳ್ಳಕ್ಕೆ ಒಂದು ಪಾಲು ನೀರನ್ನು ಬಿಡುವುದು. ವರ್ಷಕ್ಕೊಮ್ಮೆ ಅದೇ ಗಿಡದ ಕಾಂಡವನ್ನು ಅಳೆದು ಬರೆದಿಟ್ಟರೆ ಹತ್ತು ವರ್ಷಗಳಲ್ಲಿ ಊರಿನ ಬಳಿಯೇ ಒಂದು ದಾಖಲೆ ಇರುತ್ತದೆ. ಕಾರ್ನ್‌ವಾಲ್‌ನ ತೋಟಗಾರ ಪರದೇಶದ ಒಂದು ಸುಳಿಗಾಗಿ ವರ್ಷವರ್ಷವೂ ಏಣಿ ಹತ್ತುತ್ತಾನೆ. ಮಲೆನಾಡಿನ ಸುಳಿಗೆ ಬೇಕಾದ ನೆರಳೂ ನೀರೂ ಇನ್ನೂ ಹಲವು ಹಳ್ಳಗಳಲ್ಲಿವೆ; ಅವನ್ನು ಇದ್ದಂತೆ ಉಳಿಸಿಕೊಳ್ಳುವುದು ಏಣಿ ಹತ್ತುವುದಕ್ಕಿಂತ ಕಷ್ಟದ ಕೆಲಸವೇನಲ್ಲ.